ಇಪ್ಪತ್ತೇಳರಲ್ಲಿ ಅನ್ನಪ್ರಾಶನ

ಮಿಕ್ಸಿಯ ಚಿಕ್ಕ ಜಾರಿಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕೆಲಸ, ಚಟ್ನಿ ರುಬ್ಬುವುದು. ಅಣ್ಣನ ಆಪರೇಷನ್ ಆದ ಹದಿನೇಳನೇ ದಿನ ಬೆಳಿಗ್ಗೆ ನಾನು ಅದನ್ನು ಬಿಸಿನೀರಿನಲ್ಲಿ ಎರಡು ಸಲ ತೊಳೆದೆ. ಬೆಳ್ಳುಳ್ಳಿ ವಾಸನೆ ಹೋಯಿತೇ ಎಂದು ಮೂಸಿ ನೋಡಿದೆ. ಕುಕ್ಕರಿನಲ್ಲಿ ಕರಗುವಷ್ಟು ಬೆಂದ ತೊಗರಿಬೇಳೆ, ನಾಲ್ಕು ಹೋಳು ಸೋರೆಕಾಯಿ, ಚಿಟಿಕೆ ಉಪ್ಪು, ಚಿಟಿಕೆ ಇಂಗು. ನುಣ್ಣಗೆ ತಿರುಗಿಸಿ, ಟೀ ಸೋಸುವ ಜಾಲರಿಯಲ್ಲಿ ಚಮಚದಿಂದ ಒತ್ತಿ ಒತ್ತಿ ಸೋಸಿದೆ. ಬಟ್ಟಲಿಗೆ ಇಳಿದದ್ದು ಒಂದಿಷ್ಟು ಹಳದಿ ಪೇಸ್ಟು. ಬಾಗಿಲಿಗೆ ಒರಗಿ ನಿಂತಿದ್ದ ಅಮ್ಮ, 'ಒಂದು ಒಗ್ಗರಣೆನೂ ಬೇಡ್ವೇನೇ ಇದಕ್ಕೆ? ಮಗು ಊಟ ಆಯ್ತಲ್ಲ ಇದು' ಅಂದಳು.

ಮಗುವಿನ ಊಟವೇ. ಆದರೆ ಮಗುವಿಗೆ ಇಪ್ಪತ್ತೇಳು ವರ್ಷ. ಆಪರೇಷನ್ ಟೇಬಲ್ ಹತ್ತುವಾಗ ಅದರ ತೂಕ 138 ಕೆ.ಜಿ.

ನಾವಿರುವುದು ನಾಗಸಂದ್ರದಲ್ಲಿ, ಮೆಟ್ರೊ ನಿಲ್ದಾಣದಿಂದ ನಡೆದರೆ ಹತ್ತು ನಿಮಿಷ. ಅಣ್ಣನಿಗೆ ಇಪ್ಪತ್ತು ಆಗುತ್ತಿತ್ತು, ನಡುವೆ ಎರಡು ಕಡೆ ನಿಂತು ಸುಧಾರಿಸಿಕೊಳ್ಳಬೇಕಿತ್ತು. ಅವನ ಕೆಲಸ ಜಯನಗರದಲ್ಲಿ. ಸಂಜೆ ರೈಲಿನಲ್ಲಿ ಸೀಟು ಸಿಕ್ಕರೆ ಎರಡೇ ನಿಮಿಷಕ್ಕೆ ನಿದ್ದೆ. 2015ರ ಮೇ 1ರಂದು ಹಸಿರು ಮಾರ್ಗದ ರೈಲು ನಾಗಸಂದ್ರಕ್ಕೆ ಬಂದಾಗಿನಿಂದ ನಮ್ಮದೇ ಕೊನೆಯ ನಿಲ್ದಾಣವಾಗಿತ್ತು. ಯಾರಾದರೂ ತಟ್ಟಿ ಎಬ್ಬಿಸುತ್ತಿದ್ದರು, ಇಳಿದು ಬರುತ್ತಿದ್ದ. 2024ರ ನವೆಂಬರ್ 7ರಿಂದ ರೈಲು ಮಾದಾವರದವರೆಗೆ ಓಡತೊಡಗಿತು. ಮೊದಲ ತಿಂಗಳಲ್ಲೇ ಅಣ್ಣ ಮೂರು ಸಲ ಮಾದಾವರ ನೋಡಿಕೊಂಡು ಬಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ನಗುವ ವಿಷಯವಲ್ಲ ಎಂದು ಹೇಳಿದ್ದು ಡಾಕ್ಟರು. ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾ ಅವನಿಗಿತ್ತು. ಅದಿದ್ದವರಿಗೆ ರಾತ್ರಿಯಿಡೀ ಮಲಗಿದರೂ ನಿದ್ದೆ ಆಗಿರುವುದಿಲ್ಲ, ಹಗಲು ಕೂತಲ್ಲೇ ತೂಕಡಿಕೆ. ಜೊತೆಗೆ ಆಗಲೇ ಸಕ್ಕರೆ ಕಾಯಿಲೆ ಬೇರೆ. ಐದಡಿ ಏಳಂಗುಲದ ಎತ್ತರಕ್ಕೆ ಬಿಎಂಐ 47 ದಾಟಿತ್ತು.

'ಬಾಯಿ ಕಟ್ಟಿದ್ರೆ ಸಾಕಿತ್ತು, ಕತ್ತರಿ ಯಾಕೆ ಬೇಕಿತ್ತು' ಎನ್ನುವವರಿಗೆ ಒಂದು ಮಾತು. ಅಣ್ಣ ಬಾಯಿ ಕಟ್ಟಿದ್ದ. ಬೆಳಗಿನ ಐದಕ್ಕೆ ಎದ್ದು ನಡೆದಿದ್ದ, ಜಿಮ್ಮಿಗೆ ವರ್ಷದ ದುಡ್ಡು ಕಟ್ಟಿದ್ದ, ಅನ್ನ ಬಿಟ್ಟಿದ್ದ. ಒಮ್ಮೆ 11 ಕೆ.ಜಿ. ಇಳಿದು, ಆರು ತಿಂಗಳಲ್ಲಿ 14 ಕೆ.ಜಿ. ಏರಿದ. ದೇಹ ತನ್ನ ಹಳೆಯ ತೂಕವನ್ನು ಸಾಲ ಕೊಟ್ಟವರಂತೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಬಿಎಂಐ 40ರ ಮೇಲಿದ್ದರೆ, ಅಥವಾ 35ರ ಮೇಲಿದ್ದು ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದರೆ ಬೇರಿಯಾಟ್ರಿಕ್ ಆಪರೇಷನ್ ಮಾಡಬಹುದು ಎಂಬುದು 1991ರಲ್ಲಿ ಅಮೆರಿಕದಲ್ಲಿ ಆದ ಲೆಕ್ಕ. 2022ರಲ್ಲಿ ತಜ್ಞರ ಸಂಘಗಳು ಅದನ್ನು ಇನ್ನಷ್ಟು ಸಡಿಲಿಸಿದವು. ನಮ್ಮಂಥ ಏಷ್ಯಾದವರಿಗೆ ಮಿತಿ ಇನ್ನೂ ಕೆಳಗೆ, ಏಕೆಂದರೆ ನಮಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುತ್ತದೆ. ನಮ್ಮಲ್ಲಿ ವಿಮೆಯವರು ಮಾತ್ರ ಆ ಹಳೆಯ 40 ಮತ್ತು 35ನ್ನೇ ಹಿಡಿದುಕೊಂಡಿದ್ದಾರೆ. ಅಣ್ಣ ಯಾವ ಲೆಕ್ಕದಲ್ಲಿ ನೋಡಿದರೂ ಪಾಸು.

ಪಾಸಾಗದೆ ಉಳಿದದ್ದು ಅಮ್ಮನ ಭಯ. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೊಜ್ಜು ತೆಗೆಸುವ ಸೌಂದರ್ಯ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಿದ್ದರು. ಅವರಿಗೆ ಆಗ ಇಪ್ಪತ್ತೊಂದೇ ವರ್ಷ. ಅಮ್ಮ ಅವರ ಧಾರಾವಾಹಿ ನೋಡುತ್ತಿದ್ದವಳು. ಆ ಚಿಕಿತ್ಸೆ ಚರ್ಮದಡಿಯ ಕೊಬ್ಬು ತೆಗೆಯುವುದು, ಇದು ಹೊಟ್ಟೆಯ ಗಾತ್ರ ಇಳಿಸುವುದು, ಎರಡೂ ಬೇರೆ ಬೇರೆ ಎಂದು ಎಷ್ಟು ಹೇಳಿದರೂ 'ಕತ್ತರಿ ಕತ್ತರಿನೇ' ಅನ್ನುತ್ತಿದ್ದಳು. ಕೊನೆಗೆ ಅಣ್ಣ ನಿತಿನ್ ಗಡ್ಕರಿ, ಅರುಣ್ ಜೇಟ್ಲಿ ಅವರೂ ಬೇರಿಯಾಟ್ರಿಕ್ ಮಾಡಿಸಿಕೊಂಡವರೇ ಎಂದು ಮೊಬೈಲಿನಲ್ಲಿ ತೋರಿಸಿದ. ಮಂತ್ರಿಗಳಿಗೇ ಮಾಡಿದ್ದಾರೆ ಅಂದಮೇಲೆ ಸ್ವಲ್ಪ ಮೆತ್ತಗಾದಳು. ಆದರೂ ಒಂದು ಷರತ್ತು ಹಾಕಿದಳು: ನೆಂಟರಿಗೆ ಗೊತ್ತಾಗಬಾರದು. ಹುಡುಗಿ ನೋಡುವ ಹೊತ್ತು. ಹಾಗಾಗಿ ಎಲ್ಲರಿಗೂ ಹೋದ ಸುದ್ದಿ, 'ಪಿತ್ತಕೋಶದಲ್ಲಿ ಕಲ್ಲು.'

ಅಣ್ಣನಿಗೆ ಮಾಡಿದ್ದು ಸ್ಲೀವ್ ಎಂಬ ಬಗೆ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಜಠರದ ಶೇಕಡ 80ರಷ್ಟನ್ನು ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತಿದ್ದ ಜಾಗದಲ್ಲಿ ಈಗ ಒಂದು ಕಾಫಿ ಲೋಟದಷ್ಟು ಹಿಡಿದರೆ ಹೆಚ್ಚು. ಕತ್ತರಿಸಿದ ಅಂಚಿಗೆ ಉದ್ದಕ್ಕೂ ಸಣ್ಣ ಸಣ್ಣ ಪಿನ್ನು ಹೊಡೆದಿರುತ್ತಾರೆ. ಆ ಅಂಚು ಕೂಡಿಕೊಳ್ಳುವವರೆಗೆ ಒಳಗೆ ಒತ್ತಡ ಬೀಳಬಾರದು. ಎಲ್ಲಾದರೂ ಸೋರಿದರೆ ಹೊಟ್ಟೆಯೊಳಗೆಲ್ಲ ಸೋಂಕು, ಜೀವಕ್ಕೇ ಅಪಾಯ. ಅದಕ್ಕೇ ಮೊದಲು ತಿಳಿ ನೀರು, ಆಮೇಲೆ ಗಟ್ಟಿ ದ್ರವ, ಆಮೇಲೆ ರುಬ್ಬಿದ್ದು, ಆಮೇಲೆ ಮೆತ್ತನೆಯದು, ಕೊನೆಗೆ ಎಲ್ಲರ ಊಟ. ಯಾವುದು ಎಷ್ಟು ದಿನ ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ನಮಗೆ ಕೊಟ್ಟ ಹಾಳೆಯಲ್ಲಿ ದ್ರವಕ್ಕೆ ಎರಡು ವಾರ, ರುಬ್ಬಿದ್ದಕ್ಕೆ ಎರಡು ವಾರ ಎಂದಿತ್ತು.

ದ್ರವದ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಳನೀರು, ಸೋಸಿದ ಬೇಳೆಕಟ್ಟು, ತಿಳಿಮಜ್ಜಿಗೆ, ಕೆನೆ ತೆಗೆದ ಹಾಲು, ಪ್ರೋಟೀನ್ ಪುಡಿ. ಐದು ನಿಮಿಷಕ್ಕೊಂದು ಗುಟುಕು. ಅಣ್ಣನಿಗೆ ಹಸಿವು ಇರಲಿಲ್ಲ ಎಂಬುದು ನಿಜ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲುಭಾಗದಲ್ಲಿ, ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವುದೂ ಅದೇ ಭಾಗವನ್ನು. ಆದರೆ ಹೊಟ್ಟೆಯ ಹಸಿವು ಬೇರೆ, ಬಾಯಿಯ ಹಸಿವು ಬೇರೆ. ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿದರೆ ಅಣ್ಣ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ. ಆ ದಿನಗಳಲ್ಲಿ ಅಪ್ಪ ಯಾರಿಗೂ ಹೇಳದೆ ಶನಿವಾರದ ಬೋಂಡಾ ತರುವುದನ್ನು ನಿಲ್ಲಿಸಿದರು.

ಒಂಬತ್ತನೇ ದಿನ ಕ್ಯಾತ್ಸಂದ್ರದಿಂದ ಅತ್ತೆ ಬಂದರು. ಅಪ್ಪನ ಅಕ್ಕ. ತುಮಕೂರು ರಸ್ತೆಯಲ್ಲಿ ಓಡಾಡುವವರಿಗೆ ಕ್ಯಾತ್ಸಂದ್ರ ಅಂದರೆ ಏನು ನೆನಪಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅವರ ಬ್ಯಾಗಿನಲ್ಲಿ ಬಾಳೆಲೆಯಲ್ಲಿ ಸುತ್ತಿದ ಆರು ತಟ್ಟೆ ಇಡ್ಲಿ ಇದ್ದವು.

'ಕಲ್ಲು ತೆಗ್ದಿದ್ದಾರೆ ಅಷ್ಟೇ ತಾನೆ? ಇಡ್ಲಿ ತಿನ್ನೋಕೇನಂತೆ? ಆಸ್ಪತ್ರೆಲೇ ಕೊಡ್ತಾರಪ್ಪ!'

ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಅತ್ತೆ ಹೇಳಿದ್ದು ತಪ್ಪಲ್ಲ. ನಮ್ಮ ಕಡೆ ಜ್ವರ ಬಂದರೆ ಇಡ್ಲಿ, ಭೇದಿಯಾದರೆ ಇಡ್ಲಿ, ಹೆರಿಗೆ ವಾರ್ಡಿನಲ್ಲಿ ಇಡ್ಲಿ. ಇಡ್ಲಿಯನ್ನು ಬೇಡ ಎನ್ನಬೇಕಾದರೆ ಕಾರಣ ಹೇಳಬೇಕು, ಕಾರಣ ಹೇಳಿದರೆ ಸುಳ್ಳು ಹೊರಬೀಳುತ್ತದೆ. 'ಆಮೇಲೆ ತಿಂತಾನೆ ಅತ್ತಿಗೆ' ಎಂದು ಅಮ್ಮ ಮಾತು ಮರೆಸಿದಳು.

ಸಂಜೆ ಎಲ್ಲರೂ ಮಹಡಿಯ ಮೇಲಿದ್ದಾಗ ಅಣ್ಣ ಅಡುಗೆಮನೆಗೆ ಬಂದ. 'ಪುಟ್ಟೀ, ಒಂದು ಚೂರು. ಅಗಿದು ಅಗಿದು ನೀರು ಮಾಡಿ ನುಂಗ್ತೀನಿ, ಆಣೆ.' ಒಂಬತ್ತು ದಿನದಿಂದ ಅವನ ಹಲ್ಲಿಗೆ ಕೆಲಸ ಇರಲಿಲ್ಲ. ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದವಳು ನಾನೇ, ಓದಿ ಎಲ್ಲರಿಗೂ ಹೇಳಿಕೊಟ್ಟವಳೂ ನಾನೇ. ಇಡ್ಲಿ ಮೆತ್ತಗೇ ಇದೆಯಲ್ಲ ಅನ್ನಿಸಿತು. ಅರ್ಧ ಮುರಿದು ಕೊಟ್ಟುಬಿಟ್ಟೆ. ಎರಡು ನಿಮಿಷದಲ್ಲಿ ಮುಗಿಸಿದ.

ಹತ್ತು ನಿಮಿಷಕ್ಕೆ ಎದೆ ಹಿಡಿದುಕೊಂಡು ಕೂತ. ಬಾಯಿ ತುಂಬ ನೊರೆ ನೊರೆ ಜೊಲ್ಲು, ಹಣೆಯ ಮೇಲೆ ಬೆವರು, ಆಮೇಲೆ ಒಂದರ ಹಿಂದೊಂದು ವಾಂತಿ. ಆಸ್ಪತ್ರೆ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಅವರು ಕೇಳಿದ ಪ್ರಶ್ನೆಗಳಿಗೇ ನನ್ನ ಕಾಲು ನಡುಗಿತು. ಜ್ವರ ಇದೆಯಾ? ಎದೆಬಡಿತ ಜೋರಾಗಿದೆಯಾ? ಭುಜ ನೋಯುತ್ತಿದೆಯಾ? ಏನು ತಿಂದರು? ಆ ಕೊನೆಯ ಪ್ರಶ್ನೆಗೆ ಉತ್ತರ ಕೊಡುವಾಗ ಅಮ್ಮ, ಅಪ್ಪ, ಅತ್ತೆ ಮೂವರೂ ನನ್ನ ಸುತ್ತ ನಿಂತಿದ್ದರು. ಆಟೊದಲ್ಲಿ ಅಣ್ಣ ಕಣ್ಣು ಮುಚ್ಚಿ ಕೂತಿದ್ದ. ಅವನ ಮೊಣಕೈ ಹಿಡಿದುಕೊಂಡಿದ್ದ ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋರಿಕೆ ಆಗಿರಲಿಲ್ಲ. ಊದಿಕೊಂಡಿದ್ದ ಕೊಳವೆಯಲ್ಲಿ ಇಡ್ಲಿ ಮುದ್ದೆಯಾಗಿ ಸಿಕ್ಕಿಕೊಂಡಿತ್ತು, ಅಷ್ಟೆ. ರಾತ್ರಿಯಿಡೀ ಡ್ರಿಪ್ಪು ಹಾಕಿ, ಪರೀಕ್ಷೆ ಮಾಡಿ, ಬೆಳಿಗ್ಗೆ ಕಳುಹಿಸಿದರು. ಎರಡು ದಿನ ಮತ್ತೆ ಬರೀ ತಿಳಿ ನೀರು. ಹದಿನೈದನೇ ದಿನಕ್ಕೆ ಆಗಬೇಕಿದ್ದ 'ಅನ್ನಪ್ರಾಶನ' ಹದಿನೇಳಕ್ಕೆ ಹೋದದ್ದು ನನ್ನ ಕರುಣೆಯಿಂದ. ಡಯಟೀಷಿಯನ್ ಮೇಡಂ ನನ್ನನ್ನು ಬೈಯಲಿಲ್ಲ. ಮುಖ್ಯವಾದ ಒಂದು ಮಾತು ಹೇಳಿದರು: ವಾಂತಿಯನ್ನು ಮುಚ್ಚಿಡಬೇಡಿ. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ಥಯಮಿನ್ ಎಂಬ ವಿಟಮಿನ್ ಬೇಗ ಖಾಲಿಯಾಗಿ ನರಗಳಿಗೇ ಪೆಟ್ಟು ಬೀಳುತ್ತದೆ, ನಾಚಿಕೆಗೆ ಸುಮ್ಮನಿದ್ದವರು ನಡೆಯಲಾಗದೆ ಬರುತ್ತಾರೆ ಎಂದು.

ಮನೆಗೆ ಬಂದ ಮೇಲೆ ಅಮ್ಮನೇ ಅತ್ತೆಗೆ ಎಲ್ಲ ಹೇಳಿದಳು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನಗೆ ಹೇಳಿದ್ದಿದ್ರೆ ಇಡ್ಲಿ ತರ್ತಿದ್ನಾ? ಮೂರು ಮಕ್ಕಳಿಗೆ ಸರಿ ಮಾಡಿ ಉಣ್ಣಿಸಿದ್ದೀನಿ ನಾನು' ಎಂದರು. ಮಾರನೇ ದಿನವೇ ರಾಗಿ ನೆನೆಹಾಕಿದರು. ಬಸಿದು, ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು, ಗಿರಣಿಗೆ ಹಾಕಿಸಿ, ಹಳೇ ಕಾಟನ್ ಸೀರೆಯ ತುಂಡಿನಲ್ಲಿ ಜಾಲಿಸಿದ ಹಿಟ್ಟು. ಮೊಳಕೆ ಬಂದ ರಾಗಿಯಲ್ಲಿ ಪಿಷ್ಟ ಒಡೆದಿರುವುದರಿಂದ ಕುದಿಸಿದಾಗ ಅಂಟಂಟಾಗಿ ಗಟ್ಟಿಯಾಗದೆ ತೆಳ್ಳಗೆ ನಿಲ್ಲುತ್ತದೆ. ಎಳೆ ಮಗುವಿನ ಗಂಟಲಿಗೆ ಬೇಕಾದದ್ದೂ ಅದೇ, ಅಣ್ಣನ ಕೊಳವೆಗೆ ಬೇಕಾದದ್ದೂ ಅದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೇಡಂ ಒಪ್ಪಿದರು, ಆದರೆ ಎರಡು ಷರತ್ತಿನ ಮೇಲೆ. ಬೆಲ್ಲ ಬೇಡ. ಮತ್ತೆ ಮೊದಲ ಚಮಚ ಯಾವತ್ತೂ ಬೇಳೆಯದ್ದೋ ಮೊಸರಿನದ್ದೋ ಆಗಿರಬೇಕು, ರಾಗಿ ಜಾಗ ಉಳಿದರೆ ಮಾತ್ರ.

ಈ 'ಜಾಗ ಉಳಿದರೆ' ಎಂಬುದರ ಲೆಕ್ಕ ಸ್ವಲ್ಪ ಕೇಳಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಹೋಗಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಇರುವುದು ಸುಮಾರು 22 ಗ್ರಾಂ. ಅಂದರೆ ಬೇಳೆಯೊಂದರಿಂದಲೇ ಆಗಬೇಕಾದರೆ ಕಾಲು ಕೆ.ಜಿ.ಗಿಂತ ಹೆಚ್ಚು ಬೇಳೆ ಬೇಯಿಸಬೇಕು. ಅಣ್ಣನಿಗೆ ಒಂದು ಹೊತ್ತಿಗೆ ಹಿಡಿಯುವುದು ಮೂರು ಚಮಚ, ತಪ್ಪಿದರೆ ನಾಲ್ಕು. ದಿನಕ್ಕೆ ಆರು ಹೊತ್ತು. ಹಾಗಾಗಿ ಪ್ರೋಟೀನ್ ಪುಡಿಯ ಡಬ್ಬಿ ಮನೆ ಬಿಟ್ಟು ಹೋಗಲಿಲ್ಲ. ತೊವ್ವೆ, ಹೆಸರುಬೇಳೆ ಜೊತೆ ಸಿಹಿಗುಂಬಳ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ನುಣ್ಣಗೆ ಮಸೆದ ಪನೀರ್, ಸೋಸಿದ ಹುರುಳಿ ಗಂಜಿ, ಇವೆಲ್ಲ ನಡೆದವು. ಬೇಯಿಸಿದ ಕೋಳಿಯನ್ನು ರುಬ್ಬಿ ಕೊಟ್ಟದ್ದನ್ನು ಇಲ್ಲಿ ವರ್ಣಿಸುವುದಿಲ್ಲ. ನೀವು ಬೆಳಗಿನ ತಿಂಡಿ ತಿನ್ನುತ್ತಾ ಓದುತ್ತಿರಬಹುದು.

ಹದ ಎಂದರೆ ಚಮಚ ಓರೆ ಮಾಡಿದಾಗ ನಿಧಾನಕ್ಕೆ ಜಾರಬೇಕು, ನಾಲಿಗೆಗೆ ಒಂದು ಕಾಳೂ ತಾಗಬಾರದು. ಚಮಚವೂ ದೊಡ್ಡವರದ್ದಲ್ಲ. ನಾಗಸಂದ್ರ ನಿಲ್ದಾಣದ ಪಕ್ಕದಲ್ಲೇ ಇರುವ ಐಕಿಯಾಕ್ಕೆ ಹೋಗಿ ಮಕ್ಕಳ ಬಣ್ಣದ ಬಟ್ಟಲು, ಪುಟ್ಟ ಚಮಚ ತಂದೆ. ಬಿಲ್ಲು ಹಾಕುವ ಹುಡುಗಿ 'ಪಾಪುಗೆ ಎಷ್ಟು ತಿಂಗಳು ಮೇಡಂ?' ಅಂದಳು. 'ಈಗಷ್ಟೇ ಊಟ ಶುರು' ಅಂದೆ.

ಇಷ್ಟೆಲ್ಲ ತಯಾರಿ ಆದಮೇಲೆ ಹದಿನೇಳನೇ ದಿನದ ಆ ಮೊದಲ ಬಟ್ಟಲು. ಅಣ್ಣ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಇಟ್ಟುಕೊಂಡ. ನುಂಗಲು ಹೆದರಿಕೆ. ಒಂಬತ್ತನೇ ದಿನದ ನೋವು ಅವನಿಗೆ ನೆನಪಿತ್ತು, ನನಗೂ ಇತ್ತು. ನಾನು ಗಡಿಯಾರ ನೋಡುತ್ತಾ ನಿಂತೆ. ಇಳಿಯಿತು. ಎರಡನೆಯದು ಇಳಿಯಿತು. ಮೂರನೆಯದಾದ ಮೇಲೆ ಬಟ್ಟಲನ್ನು ಆಚೆ ಸರಿಸಿ, 'ಸಾಕು' ಅಂದ. ಇಪ್ಪತ್ತು ನಿಮಿಷ ಆಗಿತ್ತು.

'ಅಷ್ಟೇನಾ?' ಅಮ್ಮನ ದನಿ ಒಡೆದಿತ್ತು. 'ಇನ್ನೊಂದೇ ಚಮಚ, ನನ್ನ ಕಂದ ಅಲ್ವಾ.'

ನನಗೆ ನಿಜವಾದ ಕಷ್ಟ ಅರ್ಥವಾಗಿದ್ದು ಆಗ. ಡಾಕ್ಟರು ಚಿಕ್ಕದು ಮಾಡಿದ್ದು ಅಣ್ಣನ ಹೊಟ್ಟೆಯನ್ನು, ನಮ್ಮ ಮನೆಯ ಸೌಟನ್ನಲ್ಲ. ನಮ್ಮಲ್ಲಿ ಪ್ರೀತಿ ಬಾಯಲ್ಲಿ ಬರುವುದಿಲ್ಲ, ಎಲೆಯ ಮೇಲೆ ಬೀಳುತ್ತದೆ. ಬೇಡ ಅಂದವರಿಗೆ ಇನ್ನೊಂದು ಸೌಟು ಬಡಿಸುವುದೇ ಮರ್ಯಾದೆ. ಸಾಕು ಎನ್ನುವುದಕ್ಕೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಬೆರಳ ಸಂದಿಯಲ್ಲೇ ಸುರಿಯುತ್ತಾರೆ. ತಟ್ಟೆಯಲ್ಲಿ ಬಿಟ್ಟರೆ ಅನ್ನಪೂರ್ಣೆಗೆ ಅವಮಾನ. ಇಪ್ಪತ್ತೇಳು ವರ್ಷ 'ಸಾಕು' ಎಂಬ ಮಾತಿಗೆ ಬೆಲೆಯೇ ಇಲ್ಲದ ಮನೆಯಲ್ಲಿ ಬೆಳೆದವನು ಈಗ ಮೂರು ಚಮಚಕ್ಕೆ ಅದನ್ನು ಹೇಳಬೇಕಿತ್ತು, ನಾವು ಅದನ್ನು ಕೇಳಿಸಿಕೊಳ್ಳಬೇಕಿತ್ತು. ಹೆಚ್ಚು ಕಷ್ಟ ಯಾರಿಗಾಯಿತು ಎಂದರೆ ಅಮ್ಮನಿಗೆ. ಮೊದಲ ವಾರ ಪ್ರತಿ ಬಟ್ಟಲಿನಲ್ಲಿ ಉಳಿದದ್ದನ್ನು ಅಡುಗೆಮನೆಗೆ ಒಯ್ದು ತಾನೇ ತಿಂದಳು. ಬೇರೆ ಏನು ಮಾಡಲೂ ಅವಳಿಗೆ ತೋಚುತ್ತಿರಲಿಲ್ಲ.

ನಮ್ಮನ್ನು ಕಾಪಾಡಿದ್ದು ಸೀನು. ನಗಬೇಡಿ. ಹೊಟ್ಟೆ ತುಂಬಿದ ಸೂಚನೆ ಈ ಆಪರೇಷನ್ ಆದವರಿಗೆ ಬೇರೆ ಬೇರೆ ರೀತಿ ಬರುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು, ಕೆಲವರಿಗೆ ಎದೆಯ ನಡುವೆ ಬಿಗಿತ. ಅಣ್ಣನಿಗೆ ಸೀನು. ಮೂರೋ ನಾಲ್ಕೋ ಚಮಚಕ್ಕೆ ಸರಿಯಾಗಿ ಒಂದು ಒಂಟಿ ಸೀನು ಬರುತ್ತಿತ್ತು. ಒಂಟಿ ಸೀನು ಬಂದರೆ ಹೊರಟವರು ಕೂಡ ಒಂದು ಗಳಿಗೆ ಕೂತು ಹೋಗಬೇಕು ಎನ್ನುವ ಅಮ್ಮನಿಗೆ ಇದು ಚೆನ್ನಾಗಿ ಅರ್ಥವಾಯಿತು. ಮಗನ 'ಸಾಕು'ಗೆ ಕೊಡದ ಮರ್ಯಾದೆಯನ್ನು ಸೀನಿಗೆ ಕೊಟ್ಟಳು. ಸೀನು ಬಿತ್ತೋ, ಬಟ್ಟಲು ಎತ್ತಿದಳು.

ನೀರಿನದು ಇನ್ನೊಂದು ಪಾಡು. ದಿನಕ್ಕೆ ಒಂದೂವರೆ ಲೀಟರ್ ಹೋಗಬೇಕು, ಆದರೆ ಊಟದ ಜೊತೆ ಒಂದು ಗುಟುಕೂ ಇಲ್ಲ, ಊಟವಾಗಿ ಅರ್ಧ ಗಂಟೆಯವರೆಗೂ ಇಲ್ಲ. ಕುಡಿದರೆ ಒಳಗಿನದನ್ನು ತೊಳೆದುಕೊಂಡು ಹೋಗುತ್ತದೆ, ಇಲ್ಲವೇ ಜಾಗ ಸಾಲದೆ ಮೇಲೆ ಬರುತ್ತದೆ. ಊಟದ ಕೊನೆಗೆ ಮಜ್ಜಿಗೆ ಕುಡಿಯದೆ ಕೈ ತೊಳೆಯದ ಜನ ನಾವು. ಫ್ರಿಜ್ಜಿನ ಮೇಲೆ ನಾನು ಬರೆದಂಟಿಸಿದ ವೇಳಾಪಟ್ಟಿ ಬಿಎಂಟಿಸಿಯವರದಕ್ಕಿಂತ ಉದ್ದವಿತ್ತು.

ಗುಳಿಗೆಗಳು ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಮೂರನೇ ತಿಂಗಳಿಂದ ಕೂದಲು ಉದುರಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತದೆ ಎಂದೂ ಮೊದಲೇ ಹೇಳಿದ್ದರು. ಉದುರಿತು. ಹುಡುಗಿ ನೋಡುವ ವಿಷಯ ತೆಗೆದು ಅಮ್ಮ ಮತ್ತೆ ಸ್ವಲ್ಪ ದಿನ ನಿದ್ದೆಗೆಟ್ಟಳು. ಈ ಸಲ ನೆಂಟರಿಗೆ ನಿಜವನ್ನೇ ಹೇಳಿದ್ದಾಯಿತು, ಅತ್ತೆಯ ಬಾಯಿಂದ ಇಡೀ ತುಮಕೂರು ಜಿಲ್ಲೆಗೆ ಗೊತ್ತಾಗಿತ್ತು. ಹೀಗೆ ತಿಳಿದ ಮೇಲೆ ಇಬ್ಬರು ದೂರದ ನೆಂಟರು ಗುಟ್ಟಾಗಿ ಫೋನ್ ಮಾಡಿ ಡಾಕ್ಟರ ನಂಬರು ಕೇಳಿದರು.

ಮೇಡಂ ಹತ್ತಿರ ಅಣ್ಣ ಮೊದಲ ದಿನವೇ ಕೇಳಿದ್ದ ಪ್ರಶ್ನೆ ಒಂದಿತ್ತು: 'ಮುದ್ದೆ ಯಾವಾಗ?' ಅವರು ನಕ್ಕು, 'ಅದೇ ಕಷ್ಟ ನೋಡಿ' ಎಂದಿದ್ದರು. ಈಗ ಪ್ರತಿ ತುತ್ತನ್ನೂ ಇಪ್ಪತ್ತು ಇಪ್ಪತ್ತೈದು ಸಲ ಅಗಿಯಬೇಕು. ಮುದ್ದೆ ಅಗಿಯುವ ಊಟವಲ್ಲ. ಸಾರಿನಲ್ಲಿ ಅದ್ದಿ ನುಂಗಬೇಕು, ಅಗಿದವನು ಹಳ್ಳಿಯಲ್ಲಿ ನಗೆಪಾಟಲು. ಚಿಕ್ಕವನಿದ್ದಾಗ ಅಣ್ಣನಿಗೆ ಮುದ್ದೆ ನುಂಗುವುದನ್ನು ಕಲಿಸಿದ್ದು ಅತ್ತೆಯೇ. ಅಗಿದರೆ ಬೆನ್ನಿಗೊಂದು ಗುದ್ದು.

ಆರನೇ ತಿಂಗಳಲ್ಲಿ, 101 ಕೆ.ಜಿ.ಗೆ ಬಂದಿದ್ದಾಗ, ಒಪ್ಪಿಗೆ ಸಿಕ್ಕಿತು. ಆ ಭಾನುವಾರ ಅತ್ತೆ ಕ್ಯಾತ್ಸಂದ್ರದಿಂದ ಬಂದು ತಾವೇ ಮುದ್ದೆ ಕಟ್ಟಿದರು. ನಮಗೆಲ್ಲ ತೆಂಗಿನಕಾಯಿ ಗಾತ್ರದ್ದು, ಅಣ್ಣನಿಗೆ ನೆಲ್ಲಿಕಾಯಿ ಗಾತ್ರದ್ದು ಒಂದು, ಐಕಿಯಾದ ಹಸಿರು ಬಟ್ಟಲಿನಲ್ಲಿ. ಪಕ್ಕದಲ್ಲಿ ಸೊಪ್ಪಿನ ಬಸ್ಸಾರು. ಕಡಲೆಕಾಳಿನಷ್ಟು ಮುರಿದು ಬಾಯಿಗಿಟ್ಟು ಅಗಿಯತೊಡಗಿದ. ಯಾರೂ ಮಾತಾಡಲಿಲ್ಲ. ಅಪ್ಪ ತಮ್ಮ ತಟ್ಟೆ ಬಿಟ್ಟು ಅವನ ದವಡೆಯನ್ನೇ ನೋಡುತ್ತಿದ್ದರು. ಅತ್ತೆ ಮೆಲ್ಲಗೆ ಎಣಿಸುತ್ತಿದ್ದರು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.

'ಇನ್ನೂ ಐದು ಅಗಿ ಮಗಾ' ಅಂದರು.